ಕೋಡಿಯ ಮಠದಿಂದ ಕ್ಯಾಸನೂರಿನವರೆಗೆ: ಊರಿನ ಆರೋಗ್ಯ ಸೇವಕರ ಕಲಿಕೆ, ಮನ್ನಣೆ ಮತ್ತು ಜೀವಿತ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ಭಕ್ತರು ಅಲ್ಲಮಪ್ರಭುದೇವರ ಊರೆಂದು ನೆನೆಯುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು ಬನವಾಸಿ ಪನ್ನಿರ್ಚ್ಛಾಸಿರ ನಾಡಿನ ರಾಜಧಾನಿಯೆಂದು ಬಲ್ಲರು. ಈ ಎರಡರ ಜೊತೆಗೆ ಆ ಊರಿಗೆ ಇನ್ನೊಂದು ಹಿರಿಮೆಯುಂಟು. ಅದು ಶಾಸನ ಓದುವವರ ವಲಯದಿಂದ ಆಚೆಗೆ ಅಷ್ಟಾಗಿ ಹರಡಿಲ್ಲ. ಕ್ರಿ.ಶ. 1162ರಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ಅಲ್ಲಿನ ದಕ್ಷಿಣ ಕೇದಾರೇಶ್ವರನ ಸನ್ನಿಧಿಯಲ್ಲಿ ಕಲ್ಲಿಗೆ ಏರಿದ ಶಾಸನವೊಂದು ಕೋಡಿಯ ಮಠವನ್ನು ವರ್ಣಿಸುತ್ತದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಏಳನೆಯ ಸಂಪುಟದಲ್ಲಿ ಇದು ಶಿಕಾರಿಪುರದ 102ನೆಯ ಶಾಸನ. ವೇದವೇದಾಂಗ, ಪಾಣಿನೀಯವೇ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧಾದಿ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕಗಳ ವ್ಯಾಖ್ಯಾನ ಅಲ್ಲಿ ನಡೆಯುತ್ತಿತ್ತೆಂದು ಶಾಸನ ಹೇಳುತ್ತದೆ. ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಇಲ್ಲಿಗೆ ನಿಂತು, ಇದೊಂದು ವಿಶ್ವವಿದ್ಯಾಲಯವಾಗಿತ್ತೆಂದು ಹೆಮ್ಮೆಪಡುತ್ತಾರೆ.

ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ವಾದಕರು, ನರ್ತಕರು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು, ನಾನಾ ದೇಶದ ಭಿಕ್ಷುಕರು ಇವರೆಲ್ಲರಿಗೂ ಅಲ್ಲಿ ಅನ್ನವಿತ್ತೆಂದು ಹೇಳಿ, ಅನಾಥ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವದು ಎಂದು ಸೇರಿಸುತ್ತದೆ. ಕೊನೆಗೆ ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನವೆನ್ನುತ್ತದೆ. ವ್ಯಾಕರಣದಿಂದ ಹೊರಟ ವಾಕ್ಯ ರೋಗಿಯ ಹಾಸಿಗೆಯವರೆಗೆ ಬಂದು ನಿಲ್ಲುವ ಈ ಕ್ರಮ ಗಮನಾರ್ಹವಾದುದು. ಕೆರೆಯ ಕೋಡಿಯ ಬಳಿಯಿದ್ದುದರಿಂದ ಮಠಕ್ಕೆ ಆ ಹೆಸರು. ಆಗಿನ ಸ್ಥಾನಾಚಾರ್ಯರು ಕಾಳಾಮುಖ ಪರಂಪರೆಯ ವಾಮಶಕ್ತಿ ಪಂಡಿತದೇವರು. ಕಾಳಾಮುಖರ ಎಷ್ಟೋ ಸ್ಥಾನಗಳು ಮುಂದೆ ವೀರಶೈವ ಮಠಗಳಾದವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಆ ಚರ್ಚೆಯನ್ನು ಇಲ್ಲಿ ಬೆಳೆಸಲು ಹೋಗುವುದಿಲ್ಲ.

ನಮಗೆ ಇಲ್ಲಿ ಮುಖ್ಯವಾದುದು ಬೇರೆಯೊಂದು ಸಂಗತಿ. ಆ ಕಾಲದ ದತ್ತಿಗಳನ್ನು ಓದುವಾಗ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: 'ಜೀವಿತ'. ಒಂದು ಕೆಲಸವನ್ನು ಸ್ಥಾಪಿಸಿದರೆ, ಅದನ್ನು ಮಾಡುವವನ ಹೊಟ್ಟೆಪಾಡಿಗೆ ಯಾವ ಭೂಮಿ, ಯಾವ ಸುಂಕ, ಎಷ್ಟು ಭತ್ತ ಎಂಬುದನ್ನು ಗೊತ್ತುಮಾಡುವುದು ಅಂದಿನ ರೂಢಿ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ನೆರೆಯ ತಮಿಳುನಾಡಿನಲ್ಲಿದೆ. ಕಾಂಚೀಪುರಕ್ಕೆ ದೂರವಲ್ಲದ ತಿರುಮುಕ್ಕೂಡಲಿನ ದೇವಾಲಯದಲ್ಲಿ ಚೋಳ ವೀರರಾಜೇಂದ್ರನ ಕಾಲದ, ಎಂದರೆ ಕೋಡಿಯ ಮಠದ ಶಾಸನಕ್ಕಿಂತ ಸುಮಾರು ನೂರು ವರ್ಷ ಹಿಂದಿನ, ಶಾಸನವೊಂದಿದೆ. 15 ಹಾಸಿಗೆಗಳ ಆತುರಶಾಲೆ. ಅದಕ್ಕೊಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಬೇರುನಾರುಗಳನ್ನು ತಂದು ಮದ್ದು ಸಿದ್ಧಪಡಿಸುವ ಇಬ್ಬರು, ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ. ಇವರಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಎಷ್ಟು ಭತ್ತವೆಂಬ ಲೆಕ್ಕ ಅಲ್ಲಿ ಕೆತ್ತಲ್ಪಟ್ಟಿದೆ. ವೈದ್ಯನ ಪಾಲು ಹೆಚ್ಚು, ಶುಶ್ರೂಷೆಯವರದು ಕಡಿಮೆ. ಆ ತಾರತಮ್ಯ ಅಂದೂ ಇತ್ತು. ಆದರೆ ಬೇರು ಕಿತ್ತು ತರುವವನ ಪಾಲನ್ನೂ ಕಲ್ಲಿನಲ್ಲಿ ಬರೆಯಬೇಕೆಂದು ಅರಸನಿಗೆ ತೋರಿತು. ಕೆಲಸವನ್ನು ಪುಣ್ಯವೆಂದು ಹೊಗಳಿ, ಮಾಡುವವಳನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಆ ಶಾಸನದಲ್ಲಿ ಕಾಣಿಸದು.

ಶರಣರ ಕಾಲದಲ್ಲಿ ವೈದ್ಯವೃತ್ತಿಯೂ ಒಂದು ಕಾಯಕವೆಂದು ಮನ್ನಣೆ ಪಡೆದಿತ್ತೆಂಬುದಕ್ಕೆ ವೈದ್ಯ ಸಂಗಣ್ಣನೇ ಸಾಕ್ಷಿ. ಆತನ ವಚನಗಳಲ್ಲಿ ರೋಗ, ನಾಡಿ, ಔಷಧಗಳ ಪರಿಭಾಷೆಯೇ ಅನುಭಾವದ ಪರಿಭಾಷೆಯಾಗಿ ಮಾರ್ಪಟ್ಟಿರುವುದನ್ನು ಓದುಗರು ಬಲ್ಲರು.

ಆನಂತರದ ಶತಮಾನಗಳಲ್ಲಿ ಬಳ್ಳಿಗಾವೆ ಸೊರಗಿತು. ಸೊರಬ ಶಿಕಾರಿಪುರಗಳ ಹಳ್ಳಿಗಳಲ್ಲಿ ಆರೋಗ್ಯದ ಹೊಣೆ ನಾಟಿವೈದ್ಯನ ಮತ್ತು ಸೂಲಗಿತ್ತಿಯ ಪಾಲಿಗೆ ಬಂದಿತು. ಇವರ ಕಲಿಕೆ ಮನೆಯೊಳಗಿನದು: ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ. ಇವರ ಪ್ರಮಾಣಪತ್ರ ಊರಿನ ನಂಬಿಕೆ. ಮುರಿದ ಮೂಳೆ ಕೂಡಿದರೆ, ಬಾಣಂತಿ ಬದುಕಿದರೆ ನಂಬಿಕೆ ಬೆಳೆಯುತ್ತಿತ್ತು. ಈ ಪರಂಪರೆಯನ್ನು ಕೇವಲ ಹಾಡಿ ಹೊಗಳುವುದು ಸತ್ಯಕ್ಕೆ ಅಪಚಾರವಾದೀತು. ಹೊಕ್ಕುಳಬಳ್ಳಿಯನ್ನು ಶುಚಿಯಿಲ್ಲದ ಸಾಧನದಿಂದ ಕತ್ತರಿಸಿದುದರ ಫಲವಾಗಿ ಧನುರ್ವಾಯುವಿನಿಂದ ತೀರಿಕೊಂಡ ಕೂಸುಗಳಿಗೆ ಲೆಕ್ಕವಿಲ್ಲ. ಆದಕಾರಣ ಸ್ವಾತಂತ್ರ್ಯಾನಂತರ ಸರ್ಕಾರವು ಸೂಲಗಿತ್ತಿಯರನ್ನು ಕರೆದು ಕೈತೊಳೆಯುವುದು, ಹೊಸ ಬ್ಲೇಡು, ಶುದ್ಧ ದಾರ, ಅಪಾಯದ ಚಿಹ್ನೆ ಕಂಡೊಡನೆ ಆಸ್ಪತ್ರೆಗೆ ಕಳುಹಿಸುವುದು ಇವನ್ನು ಕಲಿಸಲು ತೊಡಗಿದುದು ಯುಕ್ತವೇ ಆಗಿತ್ತು. ಮೈಸೂರಿನಲ್ಲಿ 1908ರಷ್ಟು ಹಿಂದೆಯೇ ಆಯುರ್ವೇದ ಕಾಲೇಜು ಸ್ಥಾಪಿತವಾಗಿತ್ತು. 1961ರ ರಾಜ್ಯ ಕಾಯಿದೆ ದೇಶೀ ಪದ್ಧತಿಗಳ ವೈದ್ಯರಿಗೆ ನೋಂದಣಿಯ ಕಟ್ಟಳೆ ಹಾಕಿತು. ಕಾಲೇಜು ಓದಿದವರು ಒಳಗೆ ಬಂದರು; ಮನೆಯಲ್ಲಿ ಕಲಿತವರು ಕ್ರಮೇಣ ಹೊಸ್ತಿಲ ಹೊರಗಾದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ದಶಕಗಳ ಕಾಲ ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ ಬಳಿಕ, ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದುದು 2014ರಲ್ಲಿ, ಪದ್ಮಶ್ರೀ ಬಂದುದು 2018ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಇನ್ನು ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಬರೋಣ. ಪ್ರಪಂಚದ ವೈದ್ಯಗ್ರಂಥಗಳಲ್ಲೆಲ್ಲ ಹೆಸರು ಪಡೆದಿರುವ ನಮ್ಮ ಸೀಮೆಯ ಊರು ಇದೊಂದೇ ಇರಬೇಕು. ಆ ಹೆಸರು ಬಂದುದು ದುಃಖದ ಕಾರಣದಿಂದ. 1957ರ ಬೇಸಿಗೆಯ ಮೊದಲಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಣ ಹಳ್ಳಿಗಳಲ್ಲಿ ಜನರಿಗೂ ಕಡು ಜ್ವರ. ಹಿಂದಿನ ವರ್ಷವೂ ಇಂಥ ಜ್ವರ ಕಾಣಿಸಿಕೊಂಡಿದ್ದು, ಅದನ್ನು ವಿಷಮಶೀತ ಜ್ವರವೆಂದು ಎಣಿಸಲಾಗಿತ್ತು. ದಕ್ಷಿಣ ಅಮೆರಿಕೆಯ ಕಾಡುಗಳಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆಯಾದುದರಿಂದ, ಏಷ್ಯಾದಲ್ಲಿ ಎಂದೂ ಇಲ್ಲದ ಆ ರೋಗ ಇಲ್ಲಿಗೂ ಬಂದಿತೋ ಎಂಬ ಭಯ ಹುಟ್ಟಿತು. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳು ಕೂಡಿ ಸ್ಥಾಪಿಸಿದ್ದ ವೈರಾಣು ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಬಂದರು. ಸಿಕ್ಕಿದ್ದು ಹಳದಿ ಜ್ವರದ ವೈರಾಣುವಲ್ಲ. ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಾಣುವಿನ ಬಂಧುವಾದ ಹೊಸದೊಂದು. ಹರಡುವುದು ಉಣುಗಿನಿಂದ. ಶಾಸ್ತ್ರಜ್ಞರು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟರು. ಜನ ಮಂಗನ ಕಾಯಿಲೆ ಎಂದರು.

ಈ ರೋಗದ ಸ್ವಭಾವವನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಊರಿನ ಆರೋಗ್ಯ ಸೇವಕಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ವಾದ ಪುಸ್ತಕಗಳಲ್ಲಿ ದೊರೆಯಲಾರದು. ಮಳೆ ನಿಂತ ಮೇಲೆ ಉಣುಗಿನ ಮರಿಗಳು ಹೆಚ್ಚುತ್ತವೆ. ನವೆಂಬರಿನಿಂದ ಮೇ ತಿಂಗಳವರೆಗೆ ರೋಗದ ಕಾಲ. ಮಲೆನಾಡಿನ ಬಡವರು ದರಗು ಗುಡಿಸಲು, ಸೌದೆ ತರಲು, ಸೊಪ್ಪು ಕಡಿಯಲು, ದನ ಮೇಯಿಸಲು ಕಾಡಿಗೆ ಹೋಗುವುದೂ ಅದೇ ಕಾಲದಲ್ಲಿ. ಮಂಗ ಸತ್ತ ಸ್ಥಳದಲ್ಲಿ ಅದರ ಮೈಯಿಂದ ಇಳಿದ ಉಣುಗು ಒಣ ಎಲೆಗಳಲ್ಲಿ ಕಾದಿರುತ್ತದೆ. ಕಚ್ಚಿದ ಕೆಲವೇ ದಿನಗಳಲ್ಲಿ ಥಟ್ಟನೆ ಜ್ವರ, ತಲೆಸಿಡಿತ, ಸೊಂಟ ಕೈಕಾಲುಗಳ ನೋವು. ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಇಳಿಯಿತೆಂದು ನೆಮ್ಮದಿಗೊಂಡವರಲ್ಲಿ ಕೆಲವರಿಗೆ ಒಂದೆರಡು ವಾರ ಕಳೆದು ಜ್ವರ ಮರುಕಳಿಸಿ ಮಿದುಳಿಗೆ ತಾಗುವುದುಂಟು. ರೋಗ ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಇರುವ ಮದ್ದಿಲ್ಲ. ಸಕಾಲಕ್ಕೆ ಗುರುತಿಸಿ, ದ್ರವಾಹಾರ ಕೊಟ್ಟು, ರಕ್ತಸ್ರಾವವನ್ನು ನೋಡಿಕೊಳ್ಳುವುದೇ ಚಿಕಿತ್ಸೆ.

ಎಂದ ಮೇಲೆ ಹೋರಾಟವೆಲ್ಲ ಆಸ್ಪತ್ರೆಯ ಬಾಗಿಲಿನಿಂದ ಈಚೆಗೆ, ಊರೊಳಗೆ ನಡೆಯಬೇಕು. ಎಲ್ಲಿ ಮಂಗ ಸತ್ತಿದೆ ಎಂಬುದನ್ನು ಆ ದಿನವೇ ತಿಳಿಸುವವರು ಬೇಕು. ತಿಳಿಸಿದರೆ ಸುತ್ತ ಉಣುಗುನಾಶಕ ಪುಡಿ ಎರಚಿ, ಜನರನ್ನು ಆ ಕಡೆ ಹೋಗದಂತೆ ತಡೆಯಬಹುದು. ಕಾಡಿಗೆ ಹೊರಟವರ ಕೈಕಾಲಿಗೆ ಎಣ್ಣೆ ಹಚ್ಚಿಸುವವರು ಬೇಕು. ರಕ್ಷಣಾ ಸಂಶೋಧನಾ ಸಂಸ್ಥೆಯು ರೂಪಿಸಿದ 'ಡೆಪಾ' ಎಣ್ಣೆಯನ್ನು ಈಗ ಹಂಚುತ್ತಾರೆ. ಜ್ವರ ಬಂದವನ ಮನೆಗೆ ಹೋಗಿ, ಇದು ಸಾಮಾನ್ಯ ಜ್ವರವಲ್ಲದಿರಬಹುದೆಂದು ಹೇಳಿ, ರಕ್ತಪರೀಕ್ಷೆಗೆ ಒಪ್ಪಿಸುವವರು ಬೇಕು. ಪೇಟೆಯಿಂದ ಜೀಪಿನಲ್ಲಿ ಬಂದ ಅಪರಿಚಿತರು ಹೇಳಿದರೆ ಜನ ತಲೆಯಾಡಿಸಿ ಮರುದಿನ ದರಗಿಗೆ ಹೋಗುತ್ತಾರೆ. ಹೇಳುವವಳು ಆ ಊರಿನ ಸೊಸೆಯೋ ಮಗಳೋ ಆಗಿದ್ದರೆ ಮಾತಿನ ತೂಕ ಬೇರೆ.

ರೋಗ ಕ್ಯಾಸನೂರಿನಲ್ಲಿಯೇ ಉಳಿಯಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದ ಬಳಿಕ, 1983ರಲ್ಲಿ 1,555 ಮಂದಿಗೆ ರೋಗ ತಗುಲಿ 150 ಮಂದಿ ತೀರಿಕೊಂಡರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು 1990ರ ದಶಕದಿಂದ ನೀಡಲಾಗುತ್ತಿತ್ತು: ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬಲವರ್ಧಕ, ಅನಂತರ ವರ್ಷವರ್ಷವೂ ಮತ್ತೊಂದು. ಚುಚ್ಚಿದ ಜಾಗ ನೋಯುತ್ತಿದ್ದುದರಿಂದ ಎರಡನೆಯದಕ್ಕೆ ಬರುವವರೇ ಕಡಿಮೆಯಾದರು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡು ಚುಚ್ಚುಮದ್ದು ಪಡೆದವರಲ್ಲಿ ಲಸಿಕೆಯ ಫಲ ಶೇಕಡ 62ರಷ್ಟು, ಬಲವರ್ಧಕವನ್ನೂ ಪಡೆದವರಲ್ಲಿ ಶೇಕಡ 83ರಷ್ಟು ಎಂದು ತೋರಿಸಿತು. ಹೀಗೆ ಮರಳಿ ಮರಳಿ ಕರೆತರುವ ಕೆಲಸದಲ್ಲಿಯೇ ಆ ಇಪ್ಪತ್ತರ ಅಂತರ ಅಡಗಿತ್ತು. ಅದು ಸೂಜಿಯ ಕೆಲಸವಲ್ಲ, ಕಾಲಿನ ಕೆಲಸ. 2022ರಲ್ಲಿ ಆ ಲಸಿಕೆಯ ಬಳಕೆಯೂ ನಿಂತುಹೋಯಿತು. ಆಮೇಲೆ ಕಾಡಂಚಿನ ಹಳ್ಳಿಗೆ ಉಳಿದ ಆಸರೆ ಎಣ್ಣೆ, ಎಚ್ಚರಿಕೆ ಮತ್ತು ಮನೆಮನೆಗೆ ನಡೆದು ಬರುವ ಹೆಣ್ಣುಮಗಳು.

ಇಂಥವರನ್ನು ಊರಿನಿಂದಲೇ ಆರಿಸಿ ತರಬೇತಿ ಕೊಡಬೇಕೆಂಬ ಆಲೋಚನೆ ನಮ್ಮಲ್ಲಿ ಹೊಸದೇನೂ ಅಲ್ಲ. ಚೀನಾದಲ್ಲಿ 1960ರ ದಶಕದ ಬರಿಗಾಲ ವೈದ್ಯರ ಸುದ್ದಿ ಜಗತ್ತಿನೆಲ್ಲೆಡೆ ಹಬ್ಬಿತ್ತು. ನೆರೆಯ ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಿಂದ ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ದಂಪತಿಗಳು, ಓದುಬರಹ ತಿಳಿಯದ ಬಡ ಹೆಂಗಸರನ್ನೂ ಆರೋಗ್ಯ ಸೇವಕಿಯರನ್ನಾಗಿ ಮಾಡಬಹುದೆಂದು ತೋರಿಸಿಕೊಟ್ಟರು. ಅವರ ಪದ್ಧತಿಯ ಗುಟ್ಟು, ಒಮ್ಮೆ ಕಲಿಸಿ ಕಳುಹಿಸದೆ ಮತ್ತೆ ಮತ್ತೆ ಕರೆದು ಕೂರಿಸಿ, ಅವರ ಅನುಭವ ಕೇಳಿ, ಅದರ ಮೇಲೆ ಮುಂದಿನ ಪಾಠ ಕಟ್ಟುವುದು. ನಮ್ಮಲ್ಲಿಯೇ, ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನರ ಹೆಣ್ಣುಮಕ್ಕಳನ್ನೇ ಶುಶ್ರೂಷಾ ತರಬೇತಿಗೆ ತಂದಿತು.

ಕೇಂದ್ರ ಸರ್ಕಾರವು 1977ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯನ್ನು ಆರಂಭಿಸಿತು. ಸಾವಿರ ಜನಕ್ಕೊಬ್ಬರು, ಊರೇ ಆರಿಸಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರು ತಿಂಗಳ ತರಬೇತಿ, ಆಗ ತಿಂಗಳಿಗೆ 200 ರೂಪಾಯಿ, ಆಮೇಲೆ ತಿಂಗಳಿಗೆ 50 ರೂಪಾಯಿಯ ಗೌರವಧನ. ಉದ್ದೇಶ ಉದಾತ್ತವಾಗಿತ್ತು. ಆದರೆ ಹಲವೆಡೆ ಊರು ಆರಿಸುವ ಬದಲು ಊರಿನ ಪ್ರಬಲರು ಆರಿಸಿದರು. ಆಯ್ಕೆಯಾದವರಲ್ಲಿ ಬಹುಪಾಲು ಗಂಡಸರು. ಬಾಣಂತಿಯ ಕೋಣೆಗೆ ಅವರಿಗೆ ಪ್ರವೇಶವಿಲ್ಲ. ಕೆಲವರು ಔಷಧದ ಪೆಟ್ಟಿಗೆ ಹಿಡಿದು ಅರೆವೈದ್ಯರಾದರು. ಐವತ್ತು ರೂಪಾಯಿಯಲ್ಲಿ ಸಂಸಾರ ಸಾಗದೆಂಬುದು ಅವರ ಸಮಜಾಯಿಷಿ. ಕಾರ್ಯಕರ್ತರೆಂಬ ಹೆಸರು ಸ್ವಯಂಸೇವಕರೆಂದಾಯಿತು, 1981ರಲ್ಲಿ ಆರೋಗ್ಯ ಮಾರ್ಗದರ್ಶಿ ಎಂದಾಯಿತು. ಹೆಸರು ಬದಲಾದಷ್ಟು ಬೇಗ ಜೀವಿತ ಬದಲಾಗಲಿಲ್ಲ. 2002ರಲ್ಲಿ ಕೇಂದ್ರದ ನೆರವು ನಿಂತಿತು. ಇಲ್ಲೊಂದು ಸಂಗತಿಯನ್ನು ನಮ್ಮ ಓದುಗರು ತಿಳಿಯಬೇಕು. ಕರ್ನಾಟಕವು ಕೇರಳ ತಮಿಳುನಾಡುಗಳಂತೆ, ತನ್ನಲ್ಲಿ ಬೇರೆ ವ್ಯವಸ್ಥೆಯಿದೆಯೆಂಬ ಕಾರಣದಿಂದ ಆ ಯೋಜನೆಯ ಹೊರಗೇ ಉಳಿಯಿತು. ಆದ್ದರಿಂದ ಆ ಯೋಜನೆಯ ದೋಷಗಳು ನಮ್ಮ ಸೊರಬ ಶಿಕಾರಿಪುರಗಳನ್ನು ತಾಗಲಿಲ್ಲ. ಅದರ ಗುಣಗಳೂ ತಾಗಲಿಲ್ಲ. ಒಬ್ಬ ನರ್ಸಮ್ಮನ ಪಾಲಿಗೆ ಹಲವು ಹಳ್ಳಿ, ನಡುವೆ ಕಾಡು ಮತ್ತು ಹಳ್ಳ ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು.

2005ರ ಏಪ್ರಿಲಿನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ 'ಆಶಾ' ಬಂದಳು. ಮೊದಲು ಹಿಂದುಳಿದವೆಂದು ಗುರುತಿಸಿದ 18 ರಾಜ್ಯಗಳಿಗೆ. ಕರ್ನಾಟಕಕ್ಕೆ ಕೆಲವು ವರ್ಷ ತಡವಾಗಿ. 1977ರ ಪಾಠವನ್ನು ಸರ್ಕಾರ ಅರ್ಧ ಕಲಿತಿತ್ತೆನ್ನಬೇಕು. ಈ ಬಾರಿ ಹೆಂಗಸರೇ, ಅದೂ ಆ ಊರಿನಲ್ಲಿಯೇ ಬಾಳುತ್ತಿರುವ ವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆ ಎಂದು ಗೊತ್ತುಮಾಡಲಾಯಿತು. ಮೊದಲ ವರ್ಷ ಕಂತುಕಂತಾಗಿ 23 ದಿನಗಳ ತರಬೇತಿ; ಮುಂದೆ ಆರು ಮತ್ತು ಏಳನೆಯ ಪಾಠಪುಸ್ತಕಗಳ ಮೇಲೆ ನಾಲ್ಕು ಸುತ್ತಿನಲ್ಲಿ 20 ದಿನ. ಈ ಎರಡು ಪುಸ್ತಕಗಳಲ್ಲಿ ಸತ್ತ್ವವಿದೆ. ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿ, ಶಿಶುಮರಣ ತಗ್ಗುವುದನ್ನು 1999ರಲ್ಲಿ ಶಾಸ್ತ್ರೀಯವಾಗಿ ಲೋಕದ ಮುಂದಿಟ್ಟಿದ್ದರು. ಅದರ ಸಾರ ಇಲ್ಲಿಗೆ ಬಂದಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಹೋಗಿ ನೋಡಬೇಕು: ತೂಕ, ಮೈಬಿಸಿ, ಹಾಲು ಕುಡಿಯುವ ರೀತಿ, ಹೊಕ್ಕುಳು, ಉಸಿರಾಟ. ಹಿಂದೆ ಸೂಲಗಿತ್ತಿ ಎಣ್ಣೆನೀರಿಗೆಂದು ಬಾಣಂತಿಯ ಮನೆಗೆ ಮತ್ತೆ ಮತ್ತೆ ಹೋಗುತ್ತಿದ್ದುದನ್ನು ಬಲ್ಲವರಿಗೆ ಈ ಕ್ರಮ ಪರಿಚಿತವೆನಿಸೀತು. ಹೊಸದೆಂದರೆ ತಕ್ಕಡಿ, ಉಷ್ಣಮಾಪಕ ಮತ್ತು ಬರೆದಿಡುವ ಪುಸ್ತಕ.

ಪ್ರಮಾಣಪತ್ರದ ಪ್ರಶ್ನೆ ಬಂದುದು ಇದಾದ ಮೇಲೆ. 2014ರಿಂದ ಕೇಂದ್ರ ಆರೋಗ್ಯ ಸಚಿವಾಲಯವು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೊಡನೆ ಕೂಡಿ ಆಶಾ ಕಾರ್ಯಕರ್ತೆಯರಿಗೆ ಪರೀಕ್ಷೆ ಮತ್ತು ಪ್ರಮಾಣಪತ್ರದ ಏರ್ಪಾಡು ಮಾಡಿತು. ಮೊದಲು ತರಬೇತಿ ಕೇಂದ್ರಗಳ ಯೋಗ್ಯತೆಯನ್ನೂ ತರಬೇತಿ ಕೊಡುವವರ ಯೋಗ್ಯತೆಯನ್ನೂ ಪರೀಕ್ಷಿಸಿ, ಆಮೇಲೆ ಕಾರ್ಯಕರ್ತೆಯ ಪರೀಕ್ಷೆ. ಬರಹದ್ದೂ ಉಂಟು, ಕೈಯಲ್ಲಿ ಮಾಡಿ ತೋರಿಸುವುದೂ ಉಂಟು. ಗುರುವಿನ ಪರೀಕ್ಷೆ ಶಿಷ್ಯನದಕ್ಕಿಂತ ಮೊದಲು ಎಂಬ ಈ ಕ್ರಮ ನಮಗೆ ಮೆಚ್ಚುಗೆಯಾಯಿತು. ವಿಶ್ವವಿದ್ಯಾಲಯಗಳೂ ಇದನ್ನು ಅನುಸರಿಸಬಹುದು! ನಾಟಿವೈದ್ಯರ ವಿಷಯದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನದವರ ಶ್ರಮದಿಂದ, ಭಾರತೀಯ ಗುಣಮಟ್ಟ ಮಂಡಳಿಯು ಮೂಳೆ ಕಟ್ಟುವವರು, ಸೂಲಗಿತ್ತಿಯರು ಮೊದಲಾದವರಿಗೆ ಸ್ವಇಚ್ಛೆಯ ಪ್ರಮಾಣೀಕರಣವನ್ನು ತಂದಿತು. ಇದು ವೈದ್ಯವೃತ್ತಿಯ ಪರವಾನಗಿಯಲ್ಲ. ಇವರಿಗೆ ಈ ಕೆಲಸ ಬರುತ್ತದೆಂಬ ಸಾಕ್ಷಿ ಮಾತ್ರ.

ಪ್ರಮಾಣಪತ್ರವೆಂದರೆ ಹಗುರವಾಗಿ ಕಾಣುವವರು ನಮ್ಮಲ್ಲಿದ್ದಾರೆ. ಸೇವೆಗೇಕೆ ಕಾಗದ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ಅವರು ವೈದ್ಯರಿಗೂ ವಕೀಲರಿಗೂ ಹಾಕುವುದಿಲ್ಲವೆಂಬುದನ್ನು ಗಮನಿಸಬೇಕು. ಎಂಟು ಹತ್ತನೆಯ ತರಗತಿ ಓದಿ ಮದುವೆಯಾಗಿ ಹಟ್ಟಿ ಹೊಲಗಳಲ್ಲಿ ಬದುಕು ಸವೆಸುತ್ತಿದ್ದ ಹೆಣ್ಣುಮಗಳು, ನಡುವಯಸ್ಸಿನಲ್ಲಿ ಪರೀಕ್ಷೆಗೆ ಕುಳಿತು, ತನ್ನ ಹೆಸರಿರುವ ಪತ್ರವೊಂದನ್ನು ಪಡೆದರೆ ಆಕೆಯ ಮನೆಯಲ್ಲಿಯೇ ಆಕೆಯ ಸ್ಥಾನ ಬದಲಾಗುತ್ತದೆ. ನಮ್ಮ ಪ್ರಸಾದನಿಲಯಗಳಲ್ಲಿ ಓದಿಹೋದ ಅನೇಕರ ತಾಯಂದಿರು, ಅಕ್ಕತಂಗಿಯರು ಈ ಕೆಲಸದಲ್ಲಿದ್ದಾರೆ. ಈ ಮಾತಿನ ಅರ್ಥ ಅವರಿಗೆ ವಿವರಿಸಬೇಕಾಗಿಲ್ಲ. ಆದರೆ ಪತ್ರ ಕೊಟ್ಟವರು ಜೀವಿತವನ್ನು ಗೊತ್ತುಮಾಡಲಿಲ್ಲವೆಂಬುದು ನಮ್ಮ ಆಕ್ಷೇಪ. ಆಶಾ ಇಂದಿಗೂ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಆಕೆಯ ಗಳಿಕೆಯ ದೊಡ್ಡ ಭಾಗ ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ: ಕೂಸಿನ ಆ ಆರು ಭೇಟಿಗಳೂ ಪೂರ್ಣವಾದರೆ 250 ರೂಪಾಯಿ, ಹೀಗೆ. ಸತ್ತ ಮಂಗದ ಸುದ್ದಿ ತಿಳಿಸಲು ಕಾಡಂಚಿನಲ್ಲಿ ನಡೆದ ಮೈಲಿಗಳನ್ನು ಇಂಥ ಪಟ್ಟಿಯಲ್ಲಿ ಎಲ್ಲಿ ಬರೆಯುವುದು?

ಕೊರೋನಾ ಕಾಲದಲ್ಲಿ ಮನೆಮನೆಯ ಸಮೀಕ್ಷೆಯ ಭಾರ ಹೊತ್ತವರು ಇವರೇ. ಆ ನಡುವೆಯೇ, 2020ರ ಜುಲೈಯಲ್ಲಿ, ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರ ಪರವಾಗಿ ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಮುಷ್ಕರ ನಡೆಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಸಮೂಹಕ್ಕೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿಯನ್ನಿತ್ತಿತು, ಪತ್ರಿಕೆಗಳು ಸಂಭ್ರಮಿಸಿದವು. 2025ರ ಜನವರಿಯ ಚಳಿಯಲ್ಲಿ ಆ ನಾಯಕಿಯರೇ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಮತ್ತೆ ಧರಣಿ ಕುಳಿತಿದ್ದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರಕಿಸುವ ಭರವಸೆಯನ್ನು ಸರ್ಕಾರ ಕೊಟ್ಟಾಗ ಧರಣಿ ಹಿಂತೆಗೆದು ಅವರವರ ಊರಿಗೆ ಹೊರಟರು. ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲು ನಡೆಯುವ, ದರಗು ಗುಡಿಸಲು ಜನ ಕಾಡಿಗೆ ಹೋಗುವ, ಉಣುಗು ಹೆಚ್ಚುವ ತಿಂಗಳು.